ಕಾಯಿಲೆ ಅವಳಿಗೆ, ಬೆರಳು ನನ್ನದು

ಫೆಬ್ರವರಿ ೪, ಮಂಗಳವಾರ

ನನ್ನ ರಕ್ತದೊತ್ತಡ ನೋಡಿದ ದೊಡ್ಡ ಡಾಕ್ಟರು, "ಸಿಸ್ಟರ್, ನಿಮಗೆ ಮಾತ್ರೆಗಿಂತ ಮೊದಲು ಒಂದು ಡೈರಿ ಬೇಕು. ಸಿಟ್ಟು ಬಂದಾಗ ಎದುರಿಗಿದ್ದವರ ಮೇಲೆ ಹರಿಹಾಯೋ ಬದಲು ಅದರಲ್ಲಿ ಬರ್ಕೊಳ್ಳಿ" ಎಂದರು. ನನಗೆ ಸಿಟ್ಟೇ ಬರುವುದಿಲ್ಲ ಎಂದೆ. ಅದನ್ನು ಹೇಳಿದ ದನಿಗೆ ಪಕ್ಕದಲ್ಲಿ ನಿಂತಿದ್ದ ಕನ್ನಡಕದ ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಈ ಕನ್ನಡಕದವರು ನಮ್ಮ ವಾರ್ಡಿಗೆ ಹೊಸಬರು, ಇನ್ನೂ ನನ್ನ ಪರಿಚಯ ಆಗಬೇಕಷ್ಟೆ.

ಸರಿ, ಬರೆಯುತ್ತೇನೆ. ಓದುವವರು ಯಾರೂ ಇಲ್ಲದ್ದರಿಂದ ಸಂಕೋಚವಿಲ್ಲದೆ ಶುರು ಮಾಡಬಹುದು: ಈ ಆಸ್ಪತ್ರೆಯಲ್ಲಿ ನನ್ನ ವಾರ್ಡಿನಂಥ ವಾರ್ಡು ಇನ್ನೊಂದಿಲ್ಲ. ಹೆಂಗಸರ ಎದೆರೋಗದ ವಾರ್ಡು, ನಾನು ಅದರ ಮುಖ್ಯ ನರ್ಸು. ಹಾಸಿಗೆಯ ಚಾದರಕ್ಕೆ ಸುಕ್ಕಿಲ್ಲ, ಔಷಧಿ ಗಾಡಿಯ ಚಕ್ರ ಕಿರುಗುಟ್ಟುವುದಿಲ್ಲ, ನರ್ಸುಗಳು ಹರಟೆ ಹೊಡೆಯುವುದಿಲ್ಲ. ಗಿಣಿಯೊಬ್ಬಳನ್ನು ಬಿಟ್ಟು. ಆ ನರ್ಸಿಗೆ ಗಿಣಿ ಅಂತ ಹೆಸರು ಬಿದ್ದದ್ದು ಮೂಗಿನ ಕಾರಣಕ್ಕಲ್ಲ.

ಬೆಳಗ್ಗೆ ಡ್ಯೂಟಿ ಬದಲಾಗುವಾಗ ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ಅಳೆಯುವ ಮೆಷಿನ್‌ಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಿಸುತ್ತೇನೆ. ಒಂದೊಂದನ್ನೂ ನನ್ನ ತೋರುಬೆರಳಿಗೆ ಹಾಕಿ ನೋಡುತ್ತೇನೆ. ನೂರಕ್ಕೆ ತೊಂಬತ್ತೊಂಬತ್ತು ತೋರಿಸಿದರೆ ಅದು ರೋಗಿಯ ಬೆರಳಿಗೆ, ಇಲ್ಲದಿದ್ದರೆ ರಿಪೇರಿಗೆ. ಇದು ನಾನೇ ಹಾಕಿಕೊಟ್ಟ ಪದ್ಧತಿ. ಈಗ ಬೇರೆ ವಾರ್ಡಿನವರೂ ನೋಡಿ ಕಲಿತಿದ್ದಾರೆ. ಗೋಡೆಯಲ್ಲಿ ಆಕ್ಸಿಜನ್ ಪೈಪು ಇರುವ ಹಾಸಿಗೆಗಳು ನಮ್ಮಲ್ಲಿ ಕೆಲವೇ ಇವೆ, ಅವು ತೊಂಬತ್ತನಾಲ್ಕಕ್ಕಿಂತ ಕೆಳಗಿಳಿದವರಿಗೆ ಮಾತ್ರ. ಯಾರ ಶಿಫಾರಸು ತಂದರೂ ನನ್ನದು ಒಂದೇ ಮಾತು: "ಮೆಷಿನ್ ಹೇಳ್ಲಿ, ಕೊಡ್ತೀನಿ." ಮೆಷಿನ್‌ಗೆ ಮುಖದಾಕ್ಷಿಣ್ಯ ಇಲ್ಲ, ನನಗೂ ಇಲ್ಲ. ಇಷ್ಟು ಬರೆದದ್ದಕ್ಕೆ ಒತ್ತಡ ಇಳಿಯಿತೋ ಇಲ್ಲವೋ, ಮನಸ್ಸಿಗಂತೂ ಹಿತವಾಯಿತು.

ಫೆಬ್ರವರಿ ೬, ಗುರುವಾರ

ಮೀನುಗೆ ಜ್ವರ. ನನ್ನ ಒಬ್ಬಳೇ ತಂಗಿ, ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಅವಳ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಅಮ್ಮ, ನಾನು, ಅವಳು ಒಂದೇ ಮನೆಯಲ್ಲಿದ್ದೇವೆ. ನಾವಿಬ್ಬರೂ ಅಕ್ಕತಂಗಿ ಎಂದರೆ ಯಾರೂ ನಂಬುವುದಿಲ್ಲ. ನಾನು ಅಮ್ಮನ ಹಾಗೆ, ಅವಳ ಬಣ್ಣ ಅಪ್ಪನ ಕಡೆಯದು. ಸ್ವಲ್ಪ ಎಣ್ಣೆಗೆಂಪು ಅನ್ನಬಹುದು. "ಬಿಸಿಲಲ್ಲಿ ನಿಂತೂ ನಿಂತೂ ಹಾಗಾಗಿದ್ದಾಳೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. "ಹುಟ್ಟಿದ ದಿನ ಯಾವ ಬಿಸಿಲಲ್ಲಿ ನಿಲ್ಸಿದ್ದೆ ಅಮ್ಮಾ?" ಎಂದು ಮೀನು ಕೇಳುತ್ತಾಳೆ. ಅವಳಿಗೆ ಬಾಯಿ ಸುಮ್ಮನಿರುವುದಿಲ್ಲ.

ಇವತ್ತು ಅದೇ ಬಾಯಿ ಕೆಮ್ಮಿ ಕೆಮ್ಮಿ ಸೋತಿತ್ತು. "ಅಕ್ಕ, ಮೆಟ್ಟಿಲು ಹತ್ತೋಕಾಗ್ತಿಲ್ಲ" ಎಂದಳು. ಮನೆಯಲ್ಲಿರುವ ಮೆಷಿನ್ ಹಾಕಿ ನೋಡಿದೆ, ತೊಂಬತ್ತಾರು. "ಜ್ವರ ಬಂದ್ರೆ ಯಾರಿಗೂ ಹತ್ತೋಕಾಗಲ್ಲ, ಸುಮ್ನೆ ಮಲ್ಕೋ" ಎಂದೆ. ಚಿಕ್ಕಂದಿನಿಂದಲೂ ಇವಳದು ಎಲ್ಲದಕ್ಕೂ ಒಂದು ಹಿಡಿ ಹೆಚ್ಚು. ಮುಳ್ಳು ಚುಚ್ಚಿದರೆ ಕಾಲು ಮುರಿದವಳ ಹಾಗೆ ಕೂಗುತ್ತಿದ್ದಳು.

ಫೆಬ್ರವರಿ ೮, ಶನಿವಾರ

ಎಕ್ಸ್‌ರೇಯಲ್ಲಿ ನ್ಯುಮೋನಿಯಾ. ಎರಡೂ ಕಡೆ ಇದೆ. ನಮ್ಮ ವಾರ್ಡಿಗೇ ಸೇರಿಸಿದ್ದೇನೆ, ಬಾಗಿಲ ಪಕ್ಕದ ಹಾಸಿಗೆ. ಔಷಧಿ ಶುರುವಾಗಿದೆ. ಅಮ್ಮನಿಗೆ ಧೈರ್ಯ ಹೇಳಿ ಬಂದೆ. ನನ್ನ ಕಣ್ಣೆದುರಿಗೇ ಇರುತ್ತಾಳೆ, ಇನ್ನೇನು ಭಯ.

ಮಧ್ಯಾಹ್ನ ಮೀನು ನನ್ನನ್ನು ಕರೆದು, "ನಂಗೆ ಆ ಕಿಟಕಿ ಪಕ್ಕದ್ದು ಕೊಡು, ಪೈಪಿರೋದು. ಉಸಿರು ಸಾಲ್ತಾ ಇಲ್ಲ" ಎಂದಳು. ಬೆರಳಿಗೆ ಹಾಕಿದೆ, ತೊಂಬತ್ತೈದು.

"ತೊಂಬತ್ತೈದಿದೆ ಕಣೇ. ನಿಂಗೆ ಆಕ್ಸಿಜನ್ ಬೇಕಾಗಿಲ್ಲ."

"ಬೇಕೋ ಬೇಡ್ವೋ ನನಗೆ ಗೊತ್ತಾಗಲ್ವಾ? ಇಷ್ಟು ವರ್ಷ ನೀರೊಳಗೆ ಇದ್ದೀನಿ. ನನ್ನ ಉಸಿರು ಎಷ್ಟಿದೆ ಅಂತ ನಂಗೆ ಗೊತ್ತು."

"ಇಲ್ಲಿ ನಾನು ನಿನ್ನ ಅಕ್ಕ ಅಲ್ಲ, ಸಿಸ್ಟರ್. ನಮ್ಮವರು ಅಂತ ಹಾಸಿಗೆ ಕೊಟ್ರೆ ನಾಳೆ ನನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ?"

ಇಡೀ ವಾರ್ಡು ಕೇಳಿಸಿಕೊಂಡಿತು. ಕೇಳಿಸಿಕೊಳ್ಳಲಿ ಎಂದೇ ಸ್ವಲ್ಪ ದನಿಯೇರಿಸಿ ಹೇಳಿದ್ದೆ. ಗಿಣಿ ಕೂಡ ಬೆಪ್ಪಾಗಿ ನೋಡುತ್ತಿದ್ದಳು. ಸ್ವಂತ ತಂಗಿಗೂ ನಿಯಮ ಸಡಿಲಿಸದವಳು ನಾನು. ಇದು ಎಲ್ಲರ ಕೈಲಾಗುವ ಮಾತಲ್ಲ.

ಫೆಬ್ರವರಿ ೯, ಭಾನುವಾರ, ಮಧ್ಯಾಹ್ನ

ಊಟದ ಡಬ್ಬಿ ಮುಚ್ಚಿಟ್ಟು ಬರೆಯುತ್ತಿದ್ದೇನೆ. ಅಷ್ಟು ಸಿಟ್ಟು.

ಬೆಳಗ್ಗೆ ಹೋದಾಗ ಮೀನು ಹಾಸಿಗೆಯ ಅಂಚಿನಲ್ಲಿ ಮುಂದಕ್ಕೆ ಬಾಗಿ, ಮೊಣಕಾಲಿನ ಮೇಲೆ ಕೈಯೂರಿ ಕೂತಿದ್ದಳು. "ಮಲ್ಕೊಂಡ್ರೆ... ಆಗ್ತಿಲ್ಲ" ಎಂದಳು. ಮೆಷಿನ್ ತೊಂಬತ್ತನಾಲ್ಕು ತೋರಿಸಿತು. ಗೆರೆಯ ಮೇಲೆಯೇ ಇದೆ, ಕೆಳಗಲ್ಲ. ಅವಳು ತಲೆಯಾಡಿಸಿ, "ಈ ಮೆಷಿನ್... ಸರಿ ಇಲ್ಲ" ಎಂದಳು. ನನ್ನ ವಾರ್ಡಿನ ಮೆಷಿನ್! ಅವಳ ಬೆರಳಿಂದ ತೆಗೆದು ನನ್ನ ಬೆರಳಿಗೆ ಸಿಕ್ಕಿಸಿಕೊಂಡೆ. ತೊಂಬತ್ತೊಂಬತ್ತು. ಅವಳ ಮೂಗಿನ ಮುಂದೆ ಹಿಡಿದು, "ನೋಡು, ಚೆನ್ನಾಗೇ ಇದೆ" ಎಂದೆ.

ಅವಳು ನೋಡಿದಳು. ಒಂದೊಂದೇ ಮಾತು ಕೂಡಿಸಿಕೊಂಡು ಹೇಳಿದಳು: "ನಿನ್ನ ಬೆರಳು ಯಾಕೆ? ಕಾಯಿಲೆ... ನನಗೆ ತಾನೇ?"

ಎದುರು ಹಾಸಿಗೆಯ ಅಜ್ಜಿ ಕಿಸಕ್ಕನೆ ನಕ್ಕಳು. ಅದನ್ನು ನೋಡಿ ಅತ್ತ ಇತ್ತ ಇದ್ದವರೂ ನಕ್ಕರು. ನನ್ನ ವಾರ್ಡಿನಲ್ಲಿ, ನನ್ನ ಮುಂದೆ! ನನಗೆ ಮೈಯೆಲ್ಲ ಉರಿದುಹೋಯಿತು. ಸೀದಾ ಕನ್ನಡಕದ ಡಾಕ್ಟರ ಹತ್ತಿರ ಹೋಗಿ, ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದು ಅದರಲ್ಲಿ ಆಕ್ಸಿಜನ್ ಎಷ್ಟಿದೆ ನೋಡಿ ಎಂದೆ. "ತೊಂಬತ್ತನಾಲ್ಕಿದೆಯಲ್ಲ ಸಿಸ್ಟರ್, ಆ ಪರೀಕ್ಷೆ ತುಂಬಾ ನೋವಾಗುತ್ತೆ, ಯಾಕೆ ಸುಮ್ನೆ?" ಎಂದರು. "ನೋವಾಗ್ಲಿ. ಅವಳ ಬಾಯಿ ಮುಚ್ಚಿಸ್ಬೇಕು. ರಕ್ತ ಹೇಳಿದ್ರೆ ಆಗಲಾದ್ರೂ ನಂಬ್ತಾಳೆ" ಎಂದೆ. ಬಡಪಾಯಿ ಎದ್ದು ಹೊರಟರು.

ಈಗ ರಕ್ತ ಹೋಗಿದೆ. ಫಲಿತಾಂಶ ಬರಲಿ, ಅದನ್ನು ಅಜ್ಜಿಗೂ ಕೇಳುವಂತೆ ಓದಿ ಹೇಳುತ್ತೇನೆ.

ಅದೇ ದಿನ, ಸಂಜೆ

ಎಂಬತ್ತಾರು.

ಕನ್ನಡಕದವರು ಸೂಜಿ ತಪ್ಪಿ ಬೇರೆ ನಾಳಕ್ಕೆ ಹೋಗಿರಬೇಕು ಎಂದು ಇನ್ನೊಂದು ಸಲ ತೆಗೆದರು. ಆಗಲೂ ಎಂಬತ್ತಾರು. ಅದೇ ಹೊತ್ತಿಗೆ ಬೆರಳಿನ ಮೆಷಿನ್ ತೊಂಬತ್ತನಾಲ್ಕು ಎಂದೇ ಹೇಳುತ್ತಿತ್ತು. ಗಾಲಿಯ ಮಂಚದಲ್ಲಿ ಐಸಿಯುಗೆ ಕರೆದುಕೊಂಡು ಹೋದೆವು. ತಳ್ಳಿದವಳು ನಾನೇ.

ಫೆಬ್ರವರಿ ೧೦, ಸೋಮವಾರ

ಮುಖಕ್ಕೆ ದೊಡ್ಡ ಮಾಸ್ಕು ಕಟ್ಟಿದ್ದಾರೆ. ಮಾತಾಡುವಂತಿಲ್ಲ. ನನ್ನನ್ನು ನೋಡಿದಳು, ಕಣ್ಣು ಮುಚ್ಚಿಕೊಂಡಳು.

ಫೆಬ್ರವರಿ ೧೨, ಬುಧವಾರ

ಅಮ್ಮ ಬೆಳಗ್ಗೆ, "ನೀನು ಅಲ್ಲೇ ಇದ್ಯಲ್ಲೇ, ನಿಂಗೆ ಗೊತ್ತಾಗಲಿಲ್ವಾ?" ಎಂದು ಕೇಳಿದಳು. ಗದರಿ ಕೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಅಮ್ಮ ಸುಮ್ಮನೆ, ತಿಳಿದುಕೊಳ್ಳುವುದಕ್ಕೆ ಕೇಳಿದ್ದು. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ಯಾರನ್ನಾದರೂ ಹಿಡಿದು ಝಾಡಿಸಲೇಬೇಕಿತ್ತು. ಆ ಮೆಷಿನ್ನನ್ನು ಕೈಯಲ್ಲಿ ಹಿಡಿದುಕೊಂಡು ನೆಲಮಾಳಿಗೆಯ ರಿಪೇರಿ ಕೋಣೆಗೆ ಇಳಿದೆ. ಅಲ್ಲಿರುವ ಮೆಕ್ಯಾನಿಕ್ ನನಗಿಂತ ಹಿರಿಯರು, ನಿವೃತ್ತಿಗೆ ಹತ್ತಿರ ಬಂದವರು. ಬಿಚ್ಚಿಟ್ಟ ಬಿಪಿ ಯಂತ್ರಗಳ ನಡುವೆ ಕೂತು ಚಹಾ ಕುಡಿಯುತ್ತಿದ್ದರು. "ಇದು ಕೆಟ್ಟಿದೆ, ಒಂದು ಜೀವ ಹೋಗ್ತಿತ್ತು" ಎಂದು ಮೇಜಿನ ಮೇಲೆ ಕುಕ್ಕಿದೆ. ಅವರು ನಿಧಾನವಾಗಿ ಪರೀಕ್ಷೆ ಮಾಡಿ, "ಕೆಟ್ಟಿಲ್ಲ ಸಿಸ್ಟರ್" ಎಂದರು. ಆಮೇಲೆ, "ನಿಮ್ಮ ತಂಗಿ ಬಣ್ಣ ಹೇಗೆ?" ಎಂದು ಕೇಳಿದರು.

ನನಗೆ ರೇಗಿತು. ಸಾಯುವ ಬದುಕುವ ಹೊತ್ತಿನಲ್ಲಿ ಬಣ್ಣದ ಮಾತು ಯಾಕೆ? "ಅಪ್ಪನ ಕಡೆ ಬಣ್ಣ" ಎಂದೆ. ನಿಮ್ಮ ಅಪ್ಪನನ್ನು ನಾನು ನೋಡಿಲ್ಲವಲ್ಲ ಎಂದರು. ಕೊನೆಗೆ ಹೇಳಬೇಕಾಯಿತು. ಕಪ್ಪು, ಚೆನ್ನಾಗೇ ಕಪ್ಪು.

ಆಗ ಅವರು ವಿವರಿಸಿದರು. ಈ ಮೆಷಿನ್ ಒಂದು ಕಡೆಯಿಂದ ಬೆರಳಿನೊಳಗೆ ಬೆಳಕು ಬಿಡುತ್ತದೆ, ಇನ್ನೊಂದು ಕಡೆ ಎಷ್ಟು ಬಂತು ಎಂದು ಅಳೆಯುತ್ತದೆ. ಆ ಲೆಕ್ಕದಲ್ಲಿ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಂದಾಜು ಹಾಕುತ್ತದೆ. ಚರ್ಮದ ಕಪ್ಪು ಕೂಡ ಸ್ವಲ್ಪ ಬೆಳಕನ್ನು ಹೀರಿಕೊಳ್ಳುತ್ತದೆ. ಈ ಮೆಷಿನ್‌ಗಳ ಅಂದಾಜನ್ನು ಹೆಚ್ಚಾಗಿ ಬಿಳಿ ಚರ್ಮದವರ ಬೆರಳು ನೋಡಿ ಕೂರಿಸಿರುವುದರಿಂದ, ಕಪ್ಪು ಚರ್ಮದವರಲ್ಲಿ ಕೆಲವು ಸಲ ಇರುವುದಕ್ಕಿಂತ ಹೆಚ್ಚು ತೋರಿಸಿಬಿಡುತ್ತದೆ.

"ಎಲ್ಲರಿಗೂ ಹಾಗಾಗಲ್ಲ, ಯಾವಾಗಲೂ ಆಗಲ್ಲ. ಆಕ್ಸಿಜನ್ ಇಳಿದಾಗಲೇ ತಪ್ಪೋದು ಜಾಸ್ತಿ. ಅಂದ್ರೆ ಸರಿಯಾಗಿ ಹೇಳ್ಬೇಕಾದ ಹೊತ್ತಲ್ಲೇ."

"ನಾನು ದಿನಾ ನನ್ನ ಬೆರಳಿಗೆ ಹಾಕಿ ಪರೀಕ್ಷೆ ಮಾಡ್ತೀನಲ್ಲ?"

ಅವರು ಚಹಾದ ಲೋಟ ಕೆಳಗಿಟ್ಟರು. "ನಿಮಗೆ ಕಾಯಿಲೆ ಇಲ್ಲ ಸಿಸ್ಟರ್. ನಿಮ್ಮ ಬೆರಳಿಗೆ ಹಾಕಿದ್ರೆ ಬ್ಯಾಟರಿ ಇದೆ ಅಂತ ಗೊತ್ತಾಗುತ್ತೆ, ಅಷ್ಟೇ."

ಇದು ಹೊಸ ವಿಷಯವೂ ಅಲ್ಲವಂತೆ. ವೈದ್ಯರ ಪತ್ರಿಕೆಗಳಲ್ಲಿ ಎಷ್ಟೋ ವರ್ಷದಿಂದ ಬರುತ್ತಿದೆಯಂತೆ. ನೆಲಮಾಳಿಗೆಯವರೆಗೆ ಇಳಿದ ಸುದ್ದಿ ನನ್ನ ವಾರ್ಡಿಗೆ ಹತ್ತಿ ಬರಲಿಲ್ಲ. ಎಲ್ಲರ ಮೇಲೂ ಸಿಟ್ಟು ಬಂತು. ಯಾರ ಮೇಲೆ ಎಂದು ಬಿಡಿಸಿ ಬರೆಯಲು ಇವತ್ತು ಶಕ್ತಿಯಿಲ್ಲ.

ಫೆಬ್ರವರಿ ೧೫, ಶನಿವಾರ

ಮಾಸ್ಕು ತೆಗೆದರು! ಈಗ ಮೂಗಿಗೆ ಸಣ್ಣ ನಳಿಗೆ ಮಾತ್ರ. ರಕ್ತದಲ್ಲಿ ತೊಂಬತ್ತಮೂರು. ದೊಡ್ಡ ಡಾಕ್ಟರು, "ಇನ್ನೊಂದು ದಿನ ತಡ ಆಗಿದ್ರೆ ಕಷ್ಟ ಇತ್ತು. ಒಳ್ಳೆ ಸಮಯಕ್ಕೆ ರಕ್ತ ತೆಗೆಸಿದ್ರಿ" ಎಂದು ನನ್ನನ್ನು ಹೊಗಳಿದರು. ಯಾಕೆ ತೆಗೆಸಿದೆ ಎಂದು ಅವರಿಗೆ ಗೊತ್ತಿಲ್ಲ. ಕನ್ನಡಕದವರಿಗೆ ಗೊತ್ತು. ಅವರು ಬಾಯಿ ಬಿಡಲಿಲ್ಲ, ಪಾಪ ಒಳ್ಳೆಯ ಮನುಷ್ಯ.

ಮೀನು ಪಕ್ಕದಲ್ಲಿ ಕೂತೆ. ತಲೆ ಬಾಚಿ ಜಡೆ ಹಾಕಿದೆ. ಕೊಳದ ನೀರಿಗೆ ಒರಟಾದ ಕೂದಲು, ಬಾಚಣಿಗೆ ಇಳಿಯುವುದಿಲ್ಲ.

"ನನ್ನ ಬಾಯಿ ಮುಚ್ಚಿಸೋಕೆ ತೆಗೆಸಿದ್ಯಂತೆ ರಕ್ತನ" ಎಂದಳು. ಗಿಣಿಯ ಕೆಲಸ, ಸಂಶಯವೇ ಇಲ್ಲ.

"ಹೌದು" ಎಂದೆ.

"ಮುಚ್ತಾ?"

"ಎಲ್ಲಿ ಮುಚ್ಚುತ್ತೆ ನಿನ್ನ ಬಾಯಿ!"

ನಕ್ಕಳು, ಕೆಮ್ಮು ಬಂತು. ಬೆನ್ನು ನೀವಿದೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು. "ಅಕ್ಕ, ಅವತ್ತು ನಂಗೆ ಭಯ ಆಗಿದ್ದು ಉಸಿರಿಗಲ್ಲ. ನೀರೊಳಗೆ ಉಸಿರು ಕಟ್ಟೋದು ಗೊತ್ತು ನಂಗೆ. ನಾನು ಹೇಳ್ತಾ ಇದ್ದೀನಿ, ನೀನು ನನ್ನ ಮುಖ ಬಿಟ್ಟು ಆ ಮೆಷಿನ್ ಮುಖ ನೋಡ್ತಾ ಇದ್ದೀಯ. ಅದಕ್ಕೆ ಭಯ ಆಯ್ತು."

ನಾನು ಜಡೆ ಬಿಚ್ಚಿ ಮತ್ತೆ ಹಾಕಿದೆ. ಮೊದಲನೆಯದು ಸರಿಯಾಗಿ ಬಂದಿರಲಿಲ್ಲ.

ಫೆಬ್ರವರಿ ೧೯, ಬುಧವಾರ

ದೊಡ್ಡ ಡಾಕ್ಟರ ಕೋಣೆಯಲ್ಲಿ ವಾದ. ತೊಂಬತ್ತನಾಲ್ಕರ ಗೆರೆಯೊಂದನ್ನೇ ನಂಬಿ ಹಾಸಿಗೆ ಹಂಚುವುದು ಇನ್ನು ನನ್ನಿಂದಾಗದು ಎಂದೆ. ಕಪ್ಪಗಿರುವ ರೋಗಿಗೆ ಉಸಿರು ಕಷ್ಟವಾಗಿದ್ದರೆ ಮೆಷಿನ್ ಏನೇ ಹೇಳಲಿ ರಕ್ತ ತೆಗೆಯಬೇಕು ಎಂದೆ. ಅವರು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು.

"ರೋಗಿಗಳ ಬಣ್ಣ ನೋಡಿ ಚಿಕಿತ್ಸೆ ಮಾಡ್ತೀವಿ ಅಂದ್ರೆ ಜನ ಏನಂದಾರು ಸಿಸ್ಟರ್?"

"ಈಗ ನೋಡದೇ ಮಾಡಿದ್ದಕ್ಕೆ ನನ್ನ ತಂಗಿ ಏನಂತಾಳೆ ಕೇಳಿ ಸಾರ್."

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. ಆಮೇಲೆ, ಮುಂದಿನ ತಿಂಗಳು ಎಲ್ಲ ವಾರ್ಡಿನ ಸಿಸ್ಟರುಗಳ ಸಭೆಯಲ್ಲಿ ನೀವೇ ಮಾತಾಡಿ ಎಂದರು. ಹೊರಗೆ ಬರುವಾಗ ದನಿ ತಗ್ಗಿಸಿ, "ನಮ್ಮ ವಾರ್ಡಲ್ಲಾಯ್ತು ಅಂತ ಹೇಳೋದು ಬೇಡ. ಎಲ್ಲೋ ಒಂದು ಕಡೆ ಅಂತ ಹೇಳಿ ಸಾಕು. ನಿಮ್ಮ ವಾರ್ಡಿಗೆ ಒಂದು ಹೆಸರಿದೆ" ಎಂದರು.

ಹೌದು, ಇದೆ. ಬಹಳ ಕಷ್ಟಪಟ್ಟು ಮಾಡಿದ ಹೆಸರು. ಅವರು ಹೇಳಿದ್ದು ತಪ್ಪೇನಲ್ಲ.

ಫೆಬ್ರವರಿ ೨೬, ಬುಧವಾರ

ಮೀನು ಮನೆಗೆ ಬಂದಳು. ಅಮ್ಮ ಅವಳನ್ನು ಅಂಗಳದ ಬಿಸಿಲಿಗೆ ಕೂರಿಸಿದಳು. "ಅಮ್ಮಾ, ಕಪ್ಪಾಗ್ತೀನಿ" ಎಂದು ಮೀನು ಅಣಕಿಸಿದಳು. ಅಮ್ಮ ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಕೂತಳು. ಪಕ್ಕದ ಮನೆಯಾಕೆ ನೋಡಲು ಬಂದವಳು, ಬಿಸಿಲಿಗೆ ಮೊದಲೇ ಬಣ್ಣ ಇಳಿದಿದೆ, ಒಳಗೆ ಕೂರಿಸಿ ಎಂದಳು. "ಬಿಸಿಲಿಗಲ್ಲ, ಅವಳು ಹುಟ್ಟಿದ್ದೇ ಕಪ್ಪು. ಚೆನ್ನಾಗಿದ್ದಾಳಲ್ಲ?" ಎಂದೆ. ಆಕೆ ಕಾಫಿ ಕುಡಿಯದೇ ಹೋದಳು. ಕೆಲವರಿಗೆ ಎಷ್ಟು ಬೇಗ ಮುನಿಸು.

ಮಾರ್ಚ್ ೫, ಬುಧವಾರ

ಸಭೆಗೆ ಏನು ಹೇಳುವುದು ಎಂದು ಮೀನು ಎದುರು ಒಂದು ಸಲ ಹೇಳಿ ನೋಡಿದೆ. "ಎಲ್ಲೋ ಒಂದು ಕಡೆ ಒಬ್ಬ ರೋಗಿಗೆ..." ಎಂದು ಶುರು ಮಾಡಿದೆ.

"ಎಲ್ಲೋ ಒಂದು ಕಡೆ ಅಂದ್ರೆ? ನಾನು ಎಲ್ಲೋ ಇದ್ನಾ?"

ದೊಡ್ಡ ಡಾಕ್ಟರು ಹೇಳಿದ್ದನ್ನು ವಿವರಿಸಿದೆ. ಅವಳು ಮಾತು ಬದಲಿಸಿ ಕೊಳದ ವಿಷಯ ತೆಗೆದಳು. ಅವಳಲ್ಲಿ ಒಂದು ಕ್ರಮವಿದೆಯಂತೆ. ಒಂದು ಸುತ್ತು ಈಜಿ ಬಂದ ಮಗು ದಡ ಹಿಡಿದ ಕೂಡಲೇ ತನ್ನ ಹೆಸರು, ಅಪ್ಪ ಅಮ್ಮನ ಹೆಸರು, ಮನೆ ಎಲ್ಲಿ ಎಂದು ಒಂದೇ ಉಸಿರಿಗೆ ಹೇಳಬೇಕು. ನಡುವೆ ತಡೆದು ಉಸಿರೆಳೆದರೆ ಆ ಮಗು ಮತ್ತೆ ನೀರಿಗೆ ಇಳಿಯುವಂತಿಲ್ಲ. "ನಂಗೇನೂ ಆಗಿಲ್ಲ ಅಂತ ಎಲ್ಲ ಮಕ್ಕಳೂ ಹೇಳ್ತಾವೆ. ವಾಕ್ಯ ಮುರಿದ್ರೆ ಸಿಕ್ಕಿಹಾಕ್ಕೋತಾವೆ. ಆಮೇಲೆ ಇಲ್ಲಿ ನೋಡ್ತೀನಿ" ಎಂದು ಕುತ್ತಿಗೆಯ ಬುಡದ ಗುಳಿಯನ್ನು ಮುಟ್ಟಿ ತೋರಿಸಿದಳು. ಉಸಿರಿಗೆ ಕಷ್ಟವಾದರೆ ಆ ಗುಳಿ ಒಳಕ್ಕೆ ಸೆಳೆಯುತ್ತದೆ.

ಅದನ್ನೇ ನಾವು ನರ್ಸಿಂಗ್ ಓದುವಾಗ ಪರೀಕ್ಷೆಗೆ ಬರೆದಿದ್ದೆವು. ಅವತ್ತು ಭಾನುವಾರ ಮೀನುವಿನ ವಾಕ್ಯ ಎಷ್ಟು ಕಡೆ ಮುರಿದಿತ್ತು ಎಂಬುದು ಈ ಡೈರಿಯಲ್ಲೇ ನನ್ನ ಕೈಯಾರೆ ಬರೆದಿದೆ. ಅವಳನ್ನು ಸಭೆಗೆ ಬಾ ಎಂದೆ. "ಕೂರೋಕೆ ಮೆತ್ತನೆ ಕುರ್ಚಿ ಹಾಕಿಸ್ತೀಯಾ?" ಎಂದಳು.

ಮಾರ್ಚ್ ೧೪, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಸಭೆಯ ಕೋಣೆ ತುಂಬಿತ್ತು. ಎಲ್ಲ ವಾರ್ಡಿನ ಸಿಸ್ಟರುಗಳು, ಮುಂದಿನ ಸಾಲಿನಲ್ಲಿ ಡಾಕ್ಟರುಗಳು. ಶಸ್ತ್ರಚಿಕಿತ್ಸೆ ವಾರ್ಡಿನ ಸಿಸ್ಟರು ನನ್ನ ಹಳೆಯ ಪ್ರತಿಸ್ಪರ್ಧಿ, ಸೆರಗು ಸರಿಮಾಡಿಕೊಂಡು ನನ್ನ ಎದುರಿಗೇ ಕೂತಿದ್ದರು. ಅವರನ್ನು ನೋಡಿದ ಕೂಡಲೇ ಎಲ್ಲೋ ಒಂದು ಕಡೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಾಗಿಲ ಹತ್ತಿರ ಮೀನು ಕೂತಿದ್ದಳು, ಹಸಿರು ಸೀರೆ ಉಟ್ಟು, ಸ್ವಲ್ಪ ಸೊರಗಿ.

"ಇದು ನನ್ನ ವಾರ್ಡಲ್ಲಿ ಆಗಿದ್ದು" ಎಂದೆ. ದನಿ ಏನೂ ನಡುಗಲಿಲ್ಲ. "ರೋಗಿ ಉಸಿರು ಸಾಲ್ತಿಲ್ಲ ಅಂತ ಮತ್ತೆ ಮತ್ತೆ ಹೇಳಿದ್ರು. ಮೆಷಿನ್ ಸಾಲುತ್ತೆ ಅಂತು. ನಾನು ಮೆಷಿನ್ ಮಾತು ಕೇಳಿದೆ. ಅದನ್ನ ನನ್ನ ಬೆರಳಿಗೆ ಹಾಕಿ ನೋಡಿ ಸರಿ ಇದೆ ಅಂತ ಸರ್ಟಿಫಿಕೇಟ್ ಕೊಟ್ಟೆ. ಆ ಪದ್ಧತಿ ನಿಮಗೆಲ್ಲ ಕಲಿಸಿದವಳೂ ನಾನೇ. ಇವತ್ತಿಂದ ಬಿಟ್ಟುಬಿಡಿ."

ಆಮೇಲೆ ಮೆಷಿನ್ ಯಾಕೆ ತಪ್ಪುತ್ತದೆ, ಯಾರಲ್ಲಿ ಹೆಚ್ಚು ತಪ್ಪಬಹುದು ಎಂದು ನೆಲಮಾಳಿಗೆಯಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ತುಟಿ ನೀಲಿಯಾಗಿದೆಯೇ ಎಂದು ಕಪ್ಪು ಚರ್ಮದಲ್ಲಿ ಹೊರಗಿನಿಂದ ತಿಳಿಯುವುದಿಲ್ಲ, ತುಟಿಯ ಒಳಭಾಗ, ನಾಲಿಗೆ ನೋಡಬೇಕು ಎಂದೆ. ಶಸ್ತ್ರಚಿಕಿತ್ಸೆ ಸಿಸ್ಟರು ಕೈಯೆತ್ತಿ, "ಆ ರೋಗಿ ಈಗ ಹೇಗಿದ್ದಾರೆ?" ಎಂದು ಕೇಳಿದರು. ಕೇಳಿದ್ದು ನಿಜವಾದ ಕಾಳಜಿಯಿಂದಲೇ.

"ನೀವೇ ನೋಡಿ. ನನ್ನ ತಂಗಿ" ಎಂದು ಬಾಗಿಲ ಕಡೆ ಕೈ ತೋರಿಸಿದೆ.

ಮೀನು ಎದ್ದು ಮುಂದೆ ಬಂದಳು. ಕೊಳದ ದಡದಲ್ಲಿ ನಿಲ್ಲುವ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾನು ಕಪ್ಪಗಿದ್ದೀನಿ. ಇದನ್ನ ನಿಮಗೆ ಹೇಳ್ಬೇಕಾಗಿಲ್ಲ, ಕಾಣ್ಸುತ್ತೆ. ಆ ಮೆಷಿನ್‌ಗೆ ಮಾತ್ರ ಹೇಳ್ಬೇಕಾಗುತ್ತೆ" ಎಂದಳು. ಕೋಣೆಯೆಲ್ಲ ನಕ್ಕಿತು. ಆಮೇಲೆ ವಾಕ್ಯದ ಪರೀಕ್ಷೆ, ಕುತ್ತಿಗೆಯ ಗುಳಿ ಎಲ್ಲ ತೋರಿಸಿಕೊಟ್ಟಳು. ದೊಡ್ಡ ಡಾಕ್ಟರನ್ನೇ ಎಬ್ಬಿಸಿ, ಕೋಣೆ ಸುತ್ತ ಒಂದು ಓಟ ಓಡಿಸಿ, ಹೆಸರು ಮನೆ ಹೇಳಿ ಎಂದಳು. ಅವರ ವಾಕ್ಯ ಮೂರು ಕಡೆ ಮುರಿಯಿತು. "ನೀವು ನೀರಿಗಿಳಿಯೋ ಹಾಗಿಲ್ಲ ಸಾರ್" ಎಂದಳು. ಅಷ್ಟು ಜನರ ಮುಂದೆ ನನಗೆ ಕೂಗಿ ಹೇಳಬೇಕೆನಿಸಿತು, ನೋಡಿ, ಇವಳು ನನ್ನ ಒಡಹುಟ್ಟಿದವಳು ಎಂದು.

ಅನುಮಾನವಿದ್ದರೆ ರಕ್ತ ತೆಗೆಯಿರಿ, ಯಾರನ್ನೂ ಕೇಳಬೇಕಾಗಿಲ್ಲ ಎಂದು ದೊಡ್ಡ ಡಾಕ್ಟರು ಅಲ್ಲೇ ಹೇಳಿದರು, ಇನ್ನೂ ಏದುಸಿರು ಬಿಡುತ್ತಾ. ನಮ್ಮ ವಾರ್ಡಿನ ಹೆಸರು ಏನಾಯಿತೋ ನಾಳೆ ಗೊತ್ತಾಗುತ್ತದೆ. ನನಗಂತೂ ಹಸಿವಾಗಿದೆ, ಎಷ್ಟೋ ದಿನದ ಮೇಲೆ.

ಮಾರ್ಚ್ ೨೪, ಸೋಮವಾರ

ಬಿಪಿ ನೋಡಿದರು, ಇಳಿದಿದೆ. ಡೈರಿಯಿಂದ ನೀವು ಬದಲಾಗಿದ್ದೀರಿ ಎಂದರು ದೊಡ್ಡ ಡಾಕ್ಟರು. ನಾನೇನೂ ಬದಲಾಗಿಲ್ಲ, ಇದ್ದ ಹಾಗೇ ಇದ್ದೇನೆ. ಬಿಳಿ ಕೋಟು ಹಾಕಿದವರು ಏನಾದರೊಂದು ಹೇಳುತ್ತಲೇ ಇರಬೇಕು.

ಇವತ್ತು ನಾನು ಅವರ ಕೋಣೆಯಲ್ಲಿದ್ದಾಗ ವಾರ್ಡಿಗೆ ಒಬ್ಬ ದರ್ಜಿ ಹೆಂಗಸನ್ನು ಕರೆತಂದಿದ್ದಾರೆ. ಎದೆಯ ಸೋಂಕು. ಮೆಷಿನ್ ತೊಂಬತ್ತೈದು ತೋರಿಸಿದೆ. ಆಕೆ ಏನೂ ಆಗಿಲ್ಲ, ಏನೂ ಆಗಿಲ್ಲ ಎನ್ನುತ್ತಿದ್ದರಂತೆ. ಗಿಣಿ ಮೆಷಿನ್ ಪಕ್ಕಕ್ಕಿಟ್ಟು ಮಾತಿಗೆ ಕೂತಿದ್ದಾಳೆ. ಹರಟೆಯಲ್ಲಿ ಅವಳನ್ನು ಮೀರಿಸುವವರು ಯಾರು! ಅಂಗಿಯ ತೋಳು ಹೇಗೆ ಕೂರಿಸುತ್ತೀರಿ, ಹೇಳಿಕೊಡಿ ಎಂದು ಕೇಳಿದ್ದಾಳೆ. ಜೀವನವಿಡೀ ಮಾಡಿದ ಕೆಲಸ, ಆಕೆಗೆ ಹೇಳಿ ಮುಗಿಸಲಾಗಲಿಲ್ಲ. ತೋಳಿನ ಅರ್ಧಕ್ಕೇ ಎರಡು ಸಲ ಉಸಿರೆಳೆದುಕೊಂಡರಂತೆ. ಗಿಣಿ ನನ್ನನ್ನೂ ಕಾಯದೆ ಕನ್ನಡಕದವರನ್ನು ಕರೆಸಿ ರಕ್ತ ತೆಗೆಸಿದ್ದಾಳೆ. ಎಂಬತ್ತೈದು. ನಾನು ಹಿಂತಿರುಗುವಷ್ಟರಲ್ಲಿ ಪೈಪಿನ ಹಾಸಿಗೆಯಲ್ಲಿ ಮಲಗಿಸಿ ಆಕ್ಸಿಜನ್ ಕೊಟ್ಟಾಗಿತ್ತು, ಐಸಿಯುಗೆ ಹೇಳಿಯೂ ಆಗಿತ್ತು.

ಹತ್ತಿರ ಹೋಗಿ, "ಹೇಗನ್ಸ್ತಿದೆ ಈಗ?" ಎಂದು ಕೇಳಿದೆ. ಆಕೆ ಕಣ್ಣಿನಲ್ಲೇ ಪರವಾಗಿಲ್ಲ ಎಂದರು. ಸೂಜಿಯ ಗುರುತು ತುಂಬಿದ ಒರಟು ಕಪ್ಪು ಬೆರಳುಗಳು, ಮಗಳ ಸೆರಗನ್ನು ಹಿಡಿದುಕೊಂಡಿದ್ದವು. ಮಗಳು ನನ್ನನ್ನೇ ನೋಡುತ್ತಿದ್ದಳು.

"ಮೆಷಿನ್‌ನಲ್ಲಿ ಎಲ್ಲ ಸರಿಯಾಗಿದೆ ಅಂತ ಇನ್ನೊಂದು ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ರು ಮೇಡಂ. ನಿಮಗೆ ಹೇಗೆ ಗೊತ್ತಾಯ್ತು?"

"ನನ್ನ ತಂಗಿ ಹೇಳಿಕೊಟ್ಟಳು."

"ನಿಮ್ಮ ತಂಗಿ ಡಾಕ್ಟ್ರಾ?"

"ಅಲ್ಲಮ್ಮ, ಪೇಷಂಟು" ಎಂದೆ. ಬೇರೆಯವರು ತಮ್ಮ ತಂಗಿ ಡಾಕ್ಟರು ಎಂದು ಹೇಳಿಕೊಳ್ಳುವಾಗ ಅವರ ಕತ್ತು ಹೇಗೆ ನೆಟ್ಟಗಾಗುತ್ತದೋ, ಆಗ ನನ್ನ ಕತ್ತೂ ಹಾಗೇ ನೆಟ್ಟಗಾಗಿತ್ತು.